ಬಿಗಿಯೂ ಬಿಡುವೂ

ಹಳೆಯ ಕೀ ವಾಚಿನ ಮುಳ್ಳುಗಳನ್ನು ಅವುಗಳ ಜಾಗದಲ್ಲಿ ಹಿಡಿದು ನಿಲ್ಲಿಸಿರುವುದು ಏನು? ತಿರುಪಿಲ್ಲ, ಅಂಟಿಲ್ಲ, ಬೆಸುಗೆಯೂ ಇಲ್ಲ. ಮುಳ್ಳಿನ ಬುಡದಲ್ಲೊಂದು ತೂತು, ಅದರೊಳಗೆ ಬಿಗಿಯಾಗಿ ಕೂತ ಕಡ್ಡಿ, ಅಷ್ಟೇ. ಲೋಹ ಲೋಹವನ್ನು ಒತ್ತಿ ಹಿಡಿದ ಈ ಬಿಗಿಯನ್ನು ನಂಬಿ ಜನ ಶಾಲೆಗೆ ಹೊರಟರು, ರೈಲು ಹಿಡಿದರು, ತಾಳಿ ಕಟ್ಟಿದರು. ನೆನೆದಾಗಲೆಲ್ಲ ನನಗೆ ಬೆರಗು.

1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚ್ ಕಾರ್ಖಾನೆಯ ‘ಜನತಾ’ ವಾಚನ್ನೇ ನೋಡಿ. ಅದರೊಳಗಿನ ಯಂತ್ರ ಗಂಟೆಗೆ 18,000 ಸಲ ಮಿಡಿಯುತ್ತದೆ, ದಿನಕ್ಕೆ 4,32,000 ಸಲ. ಅಷ್ಟರಲ್ಲಿ ಗಂಟೆ ಮುಳ್ಳು 2 ಸುತ್ತು, ನಿಮಿಷದ ಮುಳ್ಳು 24 ಸುತ್ತು, ಸೆಕೆಂಡ್ ಮುಳ್ಳು 1,440 ಸುತ್ತು ಬರುತ್ತವೆ. ಮೂರೂ ಒಂದೇ ನಡುಬಿಂದುವಿನಲ್ಲಿ ಒಂದರ ಮೇಲೊಂದು ಕೂತಿದ್ದರೂ ಒಂದನ್ನೊಂದು ಸೋಕುವುದಿಲ್ಲ. ಸೆಕೆಂಡ್ ಮುಳ್ಳು ಕೂರುವ ಕಡ್ಡಿಯ ತುದಿಯಂತೂ ಕಾಲು ಮಿಲಿಮೀಟರಿನ ಆಸುಪಾಸು. ಅದರ ಮುಂದೆ ರಾಗಿಕಾಳೂ ದಪ್ಪ.

ಇನ್ನೂ ಸೋಜಿಗದ್ದು ನಿಮಿಷದ ಮುಳ್ಳಿನ ಕೆಳಗಿದೆ. ಬಹುಪಾಲು ಹಳೆಯ ವಾಚುಗಳಲ್ಲಿ ಆ ಮುಳ್ಳನ್ನು ಹೊತ್ತ ಪುಟ್ಟ ಕೊಳವೆ ನಡುಚಕ್ರದ ಕಡ್ಡಿಗೆ ಬಿಗಿದುಕೊಂಡು ಅದರ ಜೊತೆ ತಿರುಗುತ್ತದೆ. ನಾವು ಟೈಮ್ ಸರಿಮಾಡಲು ಕೀ ಎಳೆದು ತಿರುಗಿಸಿದಾಗ ಅದೇ ಕೊಳವೆ ಜಾರಿ, ಒಳಗಿನ ಚಕ್ರಗಳಿಗೆ ತೊಂದರೆ ಕೊಡದೆ ಮುಳ್ಳನ್ನು ಬೇಕಾದಲ್ಲಿಗೆ ಒಯ್ಯುತ್ತದೆ. ಬಿಗಿ ತುಸು ಕಡಿಮೆಯಾದರೆ ಮುಳ್ಳು ಹಿಂದೆ ಬೀಳುತ್ತದೆ, ಹೆಚ್ಚಾದರೆ ತಿರುಗಲು ಒಪ್ಪುವುದಿಲ್ಲ. ಹಿಡಿಯುವುದನ್ನೂ ಬಿಡುವುದನ್ನೂ ಒಂದೇ ಅಳತೆಯಲ್ಲಿ ಕೂರಿಸಿದ ಆ ಕೈಗಳಿಗೆ ನಾನು ಮನಸಾರೆ ನಮಿಸುತ್ತೇನೆ.

ಕಾಲ ಕಳೆದಂತೆ ಬೆವರು, ಮಳೆಗಾಲದ ತೇವ ಒಳಸೇರಿ ಉಕ್ಕಿನ ಕಡ್ಡಿಗೆ ತುಕ್ಕು ಹಿಡಿಯುತ್ತದೆ. ಮುಳ್ಳು ಕಚ್ಚಿಕೊಳ್ಳುತ್ತದೆ. ಆಗ ಅದನ್ನು ತೆಗೆಯುವ ನುರಿತ ಕೈಯನ್ನು ನೋಡಬೇಕು. ಮೊದಲು ಮೂರೂ ಮುಳ್ಳುಗಳನ್ನು ಒಂದೇ ದಿಕ್ಕಿಗೆ ತರುತ್ತಾರೆ. ಸೀಳಿದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಡಯಲ್ಲಿನ ಮೇಲೆ ಸರಿಸುತ್ತಾರೆ, ಗೀರು ಬೀಳದಿರಲೆಂದು. ತುಕ್ಕು ಗಟ್ಟಿಯಾಗಿದ್ದರೆ ಸೂಜಿಮೊನೆಯಲ್ಲಿ ನಿಲ್ಲುವಷ್ಟೇ ತೆಳು ಎಣ್ಣೆಯನ್ನು ನಡುವಿಗೆ ತಾಗಿಸಿ ಕಾಯುತ್ತಾರೆ. ಹೆಚ್ಚಾದರೆ ಡಯಲ್ಲಿಗೆ ಹರಿದು ಕಲೆಯಾಗುತ್ತದೆ. ಆಮೇಲೆ ಎರಡು ಪುಟ್ಟ ಸನ್ನೆಗೋಲುಗಳನ್ನು ಎದುರುಬದುರಾಗಿ ಮುಳ್ಳಿನ ಬುಡಕ್ಕೇ ಕೊಟ್ಟು, ಎರಡೂ ಕಡೆ ಸಮನಾಗಿ ಒತ್ತಿ, ನೇರ ಮೇಲಕ್ಕೆತ್ತುತ್ತಾರೆ. ಒಂದೇ ಕಡೆ ಬಲ ಬಿದ್ದರೆ ಕಡ್ಡಿ ಬಾಗುತ್ತದೆ. ಬುಡ ಬಿಟ್ಟು ಉದ್ದಕ್ಕೆ ಕೈಹಾಕಿದರೆ ಮುಳ್ಳೇ ಮಡಚಿಕೊಳ್ಳುತ್ತದೆ, ಇಲ್ಲವೇ ಸೆಕೆಂಡ್ ಮುಳ್ಳಿನ ಬುಡದ ಕೊಳವೆ ಕಡ್ಡಿಯಲ್ಲೇ ಉಳಿದು ಮುಳ್ಳು ಮಾತ್ರ ಕಿತ್ತು ಬರುತ್ತದೆ.

ಬಲ ಬೇಕೇ ಬೇಕು. ಆದರೆ ಅದು ಸಮನಾಗಿರಬೇಕು, ಬುಡದಲ್ಲಿರಬೇಕು, ಕಾದ ಮೇಲೆ ಬರಬೇಕು. ಹೇಗೆ ಕೂತಿದೆ ಎಂದು ಅರಿಯದವನಿಗೆ ಕೀಳಲು ಬರುತ್ತದೆ, ಬಿಡಿಸಲು ಬಾರದು. ಬೆರಗು ಅಂದರೆ ದೊಡ್ಡದರ ಮುಂದೆ ಬಾಯ್ತೆರೆದು ನಿಲ್ಲುವುದು ಎಂದೇ ನಾವು ಅಂದುಕೊಳ್ಳುತ್ತೇವೆ. ಚಿಕ್ಕದರ ಮುಂದೆ ಕೈಯನ್ನು ಹಗುರ ಮಾಡಿಕೊಳ್ಳುವುದೂ ಬೆರಗೇ. ಅದು ಕೈಗೆ ಇಳಿದಾಗ ಜೋಪಾನವಾಗುತ್ತದೆ.

ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿತು. ಮುರಿದ ಮುಳ್ಳಿಗೆ ಅದೇ ಬಗೆಯ ಜೋಡಿ ಸಿಗುವುದು ಈಗ ಕಷ್ಟ. ನಿಮ್ಮ ಮನೆಯ ಬೀರುವಿನಲ್ಲಿ ಅಪ್ಪನದೋ ಅಜ್ಜನದೋ ನಿಂತ ವಾಚೊಂದಿದ್ದರೆ ಚಾಕುಮೊನೆ ಹಾಕಿ ಮೀಟಬೇಡಿ. ಕೆಲಸ ಬಲ್ಲವರ ಬಳಿ ಒಯ್ಯಿರಿ, ಹಳೆಯ ಮುಳ್ಳುಗಳನ್ನೇ ಉಳಿಸಿಕೊಡಿ ಎಂದು ಕೇಳಿ, ಅವರಿಗೆ ಬೇಕಾದಷ್ಟು ಸಮಯ ಕೊಡಿ.