ನಿಲ್ಲು ಎಂದವರ ಹೊಣೆ

ಇನ್ನೊಬ್ಬರಿಗೆ ಹೇಳಲು ಬಲು ಸುಲಭವಾದ ಕೆಲವು ಮಾತುಗಳಿವೆ. 'ಸ್ವಲ್ಪ ಧೈರ್ಯ ತಂದುಕೋ' ಎನ್ನುವುದು ಒಂದು. 'ಮಕ್ಕಳ ಮುಖ ನೋಡಿಕೊಂಡು ಸಹಿಸಿಕೋ' ಎನ್ನುವುದು ಇನ್ನೊಂದು. 'ನೀನೇ ಯಾಕೆ ಚುನಾವಣೆಗೆ ನಿಲ್ಲಬಾರದು?' ಎನ್ನುವುದನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ. ಹೇಳುವವರಿಗೆ ಅದರಲ್ಲಿ ಯಾವ ಖರ್ಚೂ ಇಲ್ಲ. ಕೇಳಿಸಿಕೊಂಡವಳ ಬದುಕು ಮಾತ್ರ ಅದರಿಂದ ಬುಡಮೇಲಾಗಬಹುದು.

ಈ ಯೋಚನೆ ನನ್ನ ತಲೆ ಹೊಕ್ಕಿದ್ದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಮಗಳಿಂದ. ಬಿಳಿಗಿರಿರಂಗನ ಬೆಟ್ಟದ ಸೀಮೆಯ ಸೋಲಿಗರ ಹುಡುಗಿ ಅವಳು. ನರ್ಸಿಂಗ್ ಓದಿ ಈಗ ಕೆಂಗೇರಿ ಕಡೆಯ ಆಸ್ಪತ್ರೆಯೊಂದರಲ್ಲಿ ಕೆಲಸದಲ್ಲಿದ್ದಾಳೆ. ಭಾನುವಾರ ರಜೆ ಸಿಕ್ಕಿದರೆ ವಿಜಯನಗರದ ನಮ್ಮ ಮನೆಗೆ ಬಂದು ಊಟ ಮಾಡಿಕೊಂಡು ಹೋಗುತ್ತಾಳೆ. ಮತದಾರರ ಪಟ್ಟಿಯಲ್ಲಿ ಅವಳ ಹೆಸರು ಇವತ್ತಿಗೂ ಊರಿನಲ್ಲೇ ಇದೆ. ಮುಂದಿನ ಗ್ರಾಮ ಪಂಚಾಯಿತಿ ಚುನಾವಣೆಗೆ ಅವಳನ್ನು ನಿಲ್ಲಿಸಬೇಕೆಂದು ಪೋಡಿನ ಜನ ಮಾತಾಡಿಕೊಳ್ಳುತ್ತಿದ್ದಾರಂತೆ. 'ನಿಲ್ಲಲಾ ಮೇಡಂ?' ಎಂದು ಕೇಳಿದಳು. ಗೆದ್ದರೆ ತಿಂಗಳಿಗೊಂದು ಸಭೆ, ಆರು ತಿಂಗಳಿಗೊಂದು ಗ್ರಾಮಸಭೆ, ನಡುವೆ ನೀರು, ದಾರಿ, ಪಡಿತರ ಚೀಟಿಯ ಓಡಾಟ. ಇಲ್ಲಿಯ ಕೆಲಸ ಬಿಟ್ಟು ಹೋಗಬೇಕು. ತಮ್ಮನ ಓದು ನಡೆಯುತ್ತಿರುವುದು ಇವಳ ಸಂಬಳದಿಂದ.

ಬಾಯ ತುದಿಯಲ್ಲಿ 'ನಿಲ್ಲಮ್ಮ' ಎಂಬ ಮಾತು ಇತ್ತು. ಮೂವತ್ತು ವರ್ಷ ಪೌರನೀತಿ ಪಾಠ ಮಾಡಿದವಳು ಇನ್ನೇನು ತಾನೇ ಹೇಳಿಯಾಳು? ಆದರೆ ಹೇಳುವ ಮೊದಲು ಅವಳ ಅಜ್ಜಿಯ ನೆನಪಾಯಿತು.

1993ರಲ್ಲಿ, ಬಿ.ಎಡ್. ಮುಗಿಸಿದ ಹೊಸದರಲ್ಲಿ, ನಾನು ಯಳಂದೂರು ತಾಲೂಕಿನ ಪ್ರೌಢಶಾಲೆಯೊಂದರಲ್ಲಿದ್ದೆ. ಚಾಮರಾಜನಗರ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ. ತಾಲೂಕು ಮೈಸೂರು ಜಿಲ್ಲೆಗೇ ಸೇರಿತ್ತು. ಸಂವಿಧಾನದ 73ನೆಯ ತಿದ್ದುಪಡಿ ಆ ವರ್ಷದ ಏಪ್ರಿಲ್‌ನಲ್ಲಿ ಜಾರಿಗೆ ಬಂತು, ಅದರ ಬೆನ್ನಿಗೇ ನಮ್ಮ ರಾಜ್ಯದ ಹೊಸ ಪಂಚಾಯತ್ ರಾಜ್ ಕಾಯ್ದೆಯೂ ಬಂತು, ಡಿಸೆಂಬರಿನಲ್ಲಿ ಚುನಾವಣೆ ನಡೆಯಿತು. ಮೂರನೆಯ ಒಂದು ಪಾಲು ಸ್ಥಾನ ಹೆಂಗಸರಿಗೆ, ಪರಿಶಿಷ್ಟ ಪಂಗಡಕ್ಕೆ ಜನಸಂಖ್ಯೆಗೆ ತಕ್ಕಷ್ಟು. ಹಾಗಾಗಿ ಹಲವು ಪಂಚಾಯಿತಿಗಳಲ್ಲಿ ಬುಡಕಟ್ಟಿನ ಹೆಂಗಸೊಬ್ಬಳು ಬೇಕೇಬೇಕಾಯಿತು. ಸಂಘದವರು, ಮೇಷ್ಟ್ರುಗಳು, ಪಕ್ಷದವರು ಎಲ್ಲರೂ ಪೋಡುಗಳಿಗೆ ಹೊರಟರು. 'ನಿಲ್ಲು' ಎಂದು ಹೇಳುವವರಿಗೆ ಆಗ ಬರವೇ ಇರಲಿಲ್ಲ.

ಈ ಹುಡುಗಿಯ ಅಜ್ಜಿಯನ್ನೂ ಹಾಗೇ ಕೇಳಿದರು. ಆಕೆ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಮಗಳ ಶಾಲೆಯ ಟೀಚರು ಎಂಬ ಸಲಿಗೆಯಿಂದ ನನ್ನನ್ನು ಕೇಳಿದಳು: 'ಓಟಿನ ದಿನ ಎಲ್ರೂ ಬತ್ತಾರೆ ಮೇಡಮ್ಮೋರೆ. ಗೆದ್ದ ಮ್ಯಾಕೆ ಮೀಟಿಂಗಿಗೆ ನನ್ ಜೊತೆ ಯಾರು ಬತ್ತಾರೆ?'

ರಾಜಕೀಯಶಾಸ್ತ್ರದಲ್ಲಿ ಪದವಿ ಪಡೆದಿದ್ದ ನನಗೆ ಪ್ರಾತಿನಿಧ್ಯ ಎಂಬ ಪದದ ವ್ಯಾಖ್ಯೆ ಬಾಯಿಪಾಠವಿತ್ತು. ಆದರೆ ಈ ಪ್ರಶ್ನೆ ಯಾವ ಪುಸ್ತಕದಲ್ಲೂ ಇರಲಿಲ್ಲ.

ಪೋಡಿನ ಯಜಮಾನರಲ್ಲಿ ಒಬ್ಬರಿಗೆ ಬೇರೆಯೇ ತಕರಾರಿತ್ತು. 'ಎಲ್ರೂ ಒಪ್ಪೋಗಂಟ ಕೂತು ಮಾತಾಡೋದು ನಮ್ ರೂಢಿ. ಚೀಟಿ ಹಾಕಿ ಎಣಿಸಿದ್ರೆ, ಸೋತೋನು ನಾಳೆ ಗೆದ್ದೋನ ಮಕ ನೋಡಾನಾ?' ಎಂದರು. ಇದನ್ನು ಹಳ್ಳಿಗರ ಮುಗ್ಧತೆ ಎಂದು ತಳ್ಳಿಹಾಕುವಂತಿಲ್ಲ. ಮೂವತ್ತು ಮನೆಯ ಪೋಡಿನಲ್ಲಿ ಇಬ್ಬರು ಮುಖ ತಿರುಗಿಸಿದರೆ ಕಾಡಿಗೆ ಜೇನಿಗೆ ಹೋಗುವಾಗ ಹಗ್ಗ ಹಿಡಿಯುವವನೇ ಇಲ್ಲವಾಗುತ್ತಾನೆ. ಒಪ್ಪಿಗೆಯಿಂದ ಬದುಕುವ ಜನರನ್ನು ಎಣಿಕೆಯ ಆಟಕ್ಕೆ ಕರೆಯುವುದು ನ್ಯಾಯವೇ? ಹೊರಗಿನವರಾದ ನಾವು ಹಾಗೆ ಕರೆಯಬಹುದೇ?

ಅಂದಿನಿಂದ ಇಂದಿನವರೆಗೆ ನಾನು ಈ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ನೋಡಿದ್ದೇನೆ. ಎರಡು ಸಂಗತಿಗಳು ನನಗೆ ಮುಖ್ಯವಾಗಿ ಕಾಣುತ್ತವೆ. ಮೊದಲನೆಯದು: ಸಭೆಯಿಂದ ಹೊರಗೆ ಉಳಿಯಬಹುದು, ಆದರೆ ಸಭೆಯ ತೀರ್ಮಾನದಿಂದ ಹೊರಗೆ ಉಳಿಯಲಾಗುವುದಿಲ್ಲ. 1974ರಲ್ಲಿ ಆ ಬೆಟ್ಟವನ್ನು ವನ್ಯಜೀವಿಧಾಮ ಎಂದು ಸಾರಿದಾಗ ಸೋಲಿಗರ ಬೇಟೆ, ಬೇಸಾಯ ಎಲ್ಲಕ್ಕೂ ಬೇಲಿ ಬಿತ್ತು. ಯಾವ ಪೋಡಿನ ಒಪ್ಪಿಗೆಯಿಂದಲೂ ಆದದ್ದಲ್ಲ ಅದು. ಎರಡನೆಯದು: ಪೋಡಿನ ನ್ಯಾಯಪಂಚಾಯಿತಿಯಲ್ಲಿ ನಾನು ಕಂಡಂತೆ ಕೂರುತ್ತಿದ್ದವರು ಗಂಡಸರು. ಎಲ್ಲರ ಒಪ್ಪಿಗೆ ಎಂದಾಗ ಆ ಎಲ್ಲರಲ್ಲಿ ಹೆಂಗಸರು ಎಷ್ಟು ಮಂದಿ ಎಂದು ಕೇಳುವ ರೂಢಿ ಅಲ್ಲೂ ಇರಲಿಲ್ಲ, ನಮ್ಮ ಬಡಾವಣೆಗಳ ಸಂಘಗಳಲ್ಲೂ ಇರಲಿಲ್ಲ ಬಿಡಿ. ಮೀಸಲಾತಿಯ ಆ ಒಂದು ಕುರ್ಚಿ ಆಕೆಗೆ ಪಂಚಾಯಿತಿಯ ಬಾಗಿಲನ್ನಷ್ಟೇ ತೆರೆಯಲಿಲ್ಲ, ಸ್ವಂತ ಪೋಡಿನ ಕಟ್ಟೆಯ ಮೇಲೂ ಜಾಗ ಮಾಡಿಕೊಟ್ಟಿತು.

ಆಕೆ ನಿಂತಳು, ಗೆದ್ದಳು. ಆಮೇಲೆ ಏನಾಯಿತೆಂಬುದು ಬಹಳ ಕಡೆ ಆದದ್ದೇ. ಸಭೆಯ ದಿನ ಕೂಲಿ ಹೋಗುತ್ತಿತ್ತು. ಏಳೆಂಟು ಮೈಲಿ ನಡೆದು ಹೋದರೆ 'ಸಭೆ ಮುಂದಕ್ಕೆ ಹೋಗಿದೆ' ಎನ್ನುವರು. ಒಂದೆರಡು ಸಲ ನಡಾವಳಿ ಪುಸ್ತಕವೇ ಪೋಡಿಗೆ ಬಂತು, ಹೆಬ್ಬೆಟ್ಟಿನ ಗುರುತಿಗೆ. ಏನು ಬರೆದಿದೆ ಎಂದು ಯಾರೂ ಓದಿ ಹೇಳಲಿಲ್ಲ. 'ನಿಲ್ಲು' ಎಂದವರೆಲ್ಲ ಆ ಹೊತ್ತಿಗೆ ತಮ್ಮ ತಮ್ಮ ಕೆಲಸಕ್ಕೆ ಹೊರಟುಹೋಗಿದ್ದರು.

ಪರಿಹಾರ ಕಂಡುಕೊಂಡವರು ಪೋಡಿನ ಹೆಂಗಸರೇ. ಪ್ರತಿ ಸಭೆಗೂ ಸರದಿಯ ಮೇಲೆ ಇಬ್ಬರು ಆಕೆಯ ಜೊತೆ ಹೋಗುವುದು, ಆ ದಿನ ಅವರ ಮಕ್ಕಳಿಗೆ ಉಳಿದವರ ಮನೆಯಲ್ಲಿ ಮುದ್ದೆ, ಸೌದೆ ನೀರು ಉಳಿದವರ ಪಾಲಿಗೆ ಎಂದು ತಮ್ಮೊಳಗೇ ಗೊತ್ತುಮಾಡಿಕೊಂಡರು. ಅವರಿಬ್ಬರೂ ಪಂಚಾಯಿತಿ ಕಟ್ಟಡದ ಜಗಲಿಯ ಮೇಲೆ ಕೂರುತ್ತಿದ್ದರು. ಒಳಗೆ ಪುಸ್ತಕ ಮುಂದಿಟ್ಟು 'ಇಲ್ಲಿ ಒತ್ತಮ್ಮ' ಎಂದರೆ ಆಕೆ, 'ಹೊರಗೆ ನಮ್ಮೋರು ಕುಂತವ್ರೆ ಸಾಮಿ, ಅವರಿಗೆ ಕೇಳೋ ಹಂಗೆ ಒಂದಪ ಓದಿ, ಆಮ್ಯಾಕೆ ಒತ್ತೀನಿ' ಎನ್ನುತ್ತಿದ್ದಳಂತೆ. ಹೀಗೆ ಆ ಪಂಚಾಯಿತಿಯಲ್ಲಿ ನಡಾವಳಿಯನ್ನು ಗಟ್ಟಿಯಾಗಿ ಓದುವ ಪದ್ಧತಿ ಶುರುವಾಯಿತು. ಅದರಿಂದ ಲಾಭವಾದದ್ದು ಸೋಲಿಗರಿಗೆ ಮಾತ್ರವಲ್ಲ. ಅಕ್ಷರ ಬಾರದ ಬೇರೆ ಜಾತಿಯ ಸದಸ್ಯರೂ ತಾವು ಯಾವುದಕ್ಕೆ ರುಜು ಹಾಕುತ್ತಿದ್ದೇವೆಂದು ತಿಳಿಯುವಂತಾಯಿತು.

ಜಗಲಿಯ ಮೇಲೆ ಕುಳಿತ ಆ ಇಬ್ಬರಿಗೆ ಕಾಯ್ದೆಯಲ್ಲಿ ಯಾವ ಹೆಸರೂ ಇಲ್ಲ. ಆದರೆ ಅವರಿಲ್ಲದಿದ್ದರೆ ಒಳಗಿನ ಕುರ್ಚಿ ಬರಿಯ ಮರದ ಕುರ್ಚಿ.

ನಮ್ಮ ರಾಜ್ಯದಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. ಬುಡಕಟ್ಟಿನ ಗ್ರಾಮಸಭೆಗೆ ವಿಶೇಷ ಅಧಿಕಾರ ಕೊಡುವ 1996ರ ಕಾಯ್ದೆಯೊಂದಿದೆ. ಅದು ಸಂವಿಧಾನದ ಐದನೆಯ ಅನುಸೂಚಿಗೆ ಸೇರಿದ ಪ್ರದೇಶಗಳಿಗೆ ಮಾತ್ರ. ಕರ್ನಾಟಕದಲ್ಲಿ ಅಂಥ ಪ್ರದೇಶವೇ ಇಲ್ಲ. ಹಾಗಾಗಿ ಸೋಲಿಗರಾಗಲಿ, ಜೇನುಕುರುಬರಾಗಲಿ, ಕೊರಗರಾಗಲಿ ಎಲ್ಲರ ಪಂಚಾಯಿತಿಯೊಳಗೇ ಒಂದೆರಡು ಸ್ಥಾನದಲ್ಲಿ ಕೂರಬೇಕು. ಕೈ ಎತ್ತಿ ಎಣಿಸಿದರೆ ಅವರು ಯಾವಾಗಲೂ ಕಡಿಮೆಯೇ. ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ಆ ಸಮುದಾಯದಿಂದ ಮೊದಲ ಬಾರಿಗೆ ಶಾಸನಸಭೆಯ ಮೆಟ್ಟಿಲು ಹತ್ತಿದ ಶಾಂತಾರಾಮ ಸಿದ್ದಿಯವರು 2020ರಲ್ಲಿ ವಿಧಾನಪರಿಷತ್ತಿಗೆ ಹೋದದ್ದು ನಾಮಕರಣದಿಂದ. ಎಣಿಕೆಯಲ್ಲಿ ಚಿಕ್ಕವರಾದವರು ಚುನಾವಣೆಯ ಏಣಿ ಹತ್ತುವುದು ಎಷ್ಟು ಕಷ್ಟ ಎಂಬುದಕ್ಕೆ ಇದೊಂದೇ ಸಾಕು.

ಎಣಿಕೆಯಲ್ಲಿ ಚಿಕ್ಕವರಾದರೂ ಜೊತೆಯಲ್ಲಿ ಕೂತಾಗ ಏನಾಗುತ್ತದೆ ಎಂಬುದಕ್ಕೂ ಅದೇ ಬೆಟ್ಟ ಸಾಕ್ಷಿ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಹಕ್ಕಿನ ವಿಚಾರಣೆ ಶುರುವಾಗುವುದೇ ಗ್ರಾಮಸಭೆಯಿಂದ. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು. ಹಿರಿಯರು ಹೇಳಿದ್ದನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ರಕ್ಷಿತಾರಣ್ಯವಾಯಿತು. ಅದೇ ವರ್ಷ ಅಲ್ಲಿಯ ಸೋಲಿಗರ ಗ್ರಾಮಸಭೆಗಳು ಕಾಡಿನ ಮೇಲಿನ ಸಮುದಾಯದ ಹಕ್ಕನ್ನು ಪಡೆದವು. ಹುಲಿ ರಕ್ಷಿತಾರಣ್ಯವೊಂದರೊಳಗೆ ಹೀಗಾದದ್ದು ದೇಶದಲ್ಲೇ ಮೊದಲು. ಎಲ್ಲರೂ ಒಪ್ಪುವವರೆಗೆ ಕೂತು ಮಾತಾಡುವ ಆ ಯಜಮಾನರ ರೂಢಿಯೇ ಇಲ್ಲಿ ಕಾನೂನಿನ ಬಲ ಪಡೆದುಕೊಂಡಿತು ಎಂದು ನನಗೆ ಅನ್ನಿಸುತ್ತದೆ.

ದೂರದ ಒಂದು ಉದಾಹರಣೆ. ಅಮೆರಿಕದ ಮೂಲನಿವಾಸಿಗಳಲ್ಲಿ ದೊಡ್ಡ ಪಂಗಡವಾದ ಚೆರೋಕಿಗಳಿಗೆ ತಮ್ಮದೇ ಸರಕಾರ, ತಮ್ಮದೇ ಸಭೆ ಇದೆ. ಅಲ್ಲಿ ವಿಲ್ಮಾ ಮ್ಯಾನ್‌ಕಿಲರ್ ಎಂಬಾಕೆ 1983ರಲ್ಲಿ ಉಪಮುಖ್ಯಸ್ಥೆಯ ಸ್ಥಾನಕ್ಕೆ ನಿಂತಾಗ ಎದ್ದ ದೊಡ್ಡ ಆಕ್ಷೇಪ ಆಕೆ ಹೆಂಗಸು ಎಂಬುದು. ತಮ್ಮದೇ ಸರಕಾರವಿದ್ದರೂ ಈ ಮಾತು ತಪ್ಪಲಿಲ್ಲ ನೋಡಿ! 1985ರಲ್ಲಿ ಮುಖ್ಯಸ್ಥೆಯಾದರು, 1987ರಲ್ಲಿ ಜನರೇ ಆರಿಸಿದರು. ಆದರೆ ಆಕೆಯನ್ನು ಜನ ನಂಬಿದ್ದು ಭಾಷಣದಿಂದಲ್ಲ. ಅದಕ್ಕೂ ಮೊದಲು ಬೆಲ್ ಎಂಬ ಬಡ ಹಳ್ಳಿಗೆ ನೀರು ತರುವ ಕೆಲಸದಲ್ಲಿ ಆಕೆ ಹಳ್ಳಿಗರನ್ನೇ ಒಟ್ಟುಗೂಡಿಸಿದ್ದರು. ಮೈಲಿಗಟ್ಟಲೆ ಕೊಳವೆಯ ಕಾಲುವೆಯನ್ನು ಮನೆಮನೆಯವರು ಪಾಲು ಹಾಕಿಕೊಂಡು ತೋಡಿದರು. ನಮ್ಮ ಜಗಲಿಯ ಹೆಂಗಸರ ಸರದಿಗೂ ಇದಕ್ಕೂ ನನಗೇನೂ ವ್ಯತ್ಯಾಸ ಕಾಣುವುದಿಲ್ಲ.

ನಮ್ಮ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರೂ ಸಂತಾಲ ಬುಡಕಟ್ಟಿನವರು, ನನ್ನಂತೆ ಟೀಚರಾಗಿದ್ದವರು. 1997ರಲ್ಲಿ ಒಡಿಶಾದ ರಾಯರಂಗಪುರದ ಪಟ್ಟಣ ಪಂಚಾಯಿತಿಗೆ ಸದಸ್ಯೆಯಾಗಿ ಬಂದು, 2022ರ ಜುಲೈ 25ರಂದು ರಾಷ್ಟ್ರಪತಿಯಾದರು. ತರಗತಿಯಲ್ಲಿ ನಾನು ಈ ಕಥೆಯನ್ನು ಹೆಮ್ಮೆಯಿಂದ ಹೇಳುತ್ತೇನೆ. ಆದರೆ ಒಬ್ಬರು ಅಷ್ಟೆತ್ತರ ಏರಿದರು ಎಂಬುದನ್ನು ತೋರಿಸಿ, ಎಲ್ಲ ಹುಡುಗಿಯರಿಗೂ 'ನೀನೂ ನಿಲ್ಲು' ಎಂದುಬಿಟ್ಟರೆ ನಮ್ಮ ಕರ್ತವ್ಯ ಮುಗಿಯಿತೆ?

ನಿಲ್ಲದಿರುವ, ಓಟೇ ಹಾಕದಿರುವ ಹಕ್ಕೂ ಇದೆಯಲ್ಲ ಎನ್ನುವವರಿದ್ದಾರೆ. 2024ರ ಲೋಕಸಭಾ ಚುನಾವಣೆಯಲ್ಲಿ ಹನೂರು ತಾಲೂಕಿನ ಕಾಡೊಳಗಿನ ಇಂಡಿಗನತ್ತದಲ್ಲಿ ಮೂಲಸೌಕರ್ಯವಿಲ್ಲವೆಂದು ಮತದಾನ ಬಹಿಷ್ಕಾರವಾಯಿತು, ಗಲಭೆಯಲ್ಲಿ ಮತಯಂತ್ರ ಒಡೆಯಿತು, ಏಪ್ರಿಲ್ 29ರಂದು ಮರುಮತದಾನ ನಡೆಯಿತು. ಒಡೆದದ್ದನ್ನು ನಾನು ಒಪ್ಪಲಾರೆ. ಆದರೆ ದಾರಿಯಿಲ್ಲದ ಊರು ಮತ ಹಾಕುವುದಿಲ್ಲ ಎಂದರೆ ಅದು ಒಂದು ಮಾತು. ಸರಕಾರಕ್ಕೆ ಕೇಳಿಸಬೇಕಾದ ಮಾತು. ಅದೇ ಚುನಾವಣೆಯಲ್ಲಿ ನಮ್ಮ ವಿಜಯನಗರ, ಗೋವಿಂದರಾಜನಗರ ಸೇರಿದ ಬೆಂಗಳೂರು ದಕ್ಷಿಣದಲ್ಲಿ ನೂರಕ್ಕೆ ಸುಮಾರು 53 ಜನ ಮತ ಹಾಕಿದರು. ಕಾಡು ಮೇಡು ತುಂಬಿದ ಚಾಮರಾಜನಗರದಲ್ಲಿ 76ಕ್ಕೂ ಹೆಚ್ಚು. ಮತಗಟ್ಟೆ ಎರಡು ಬೀದಿ ಆಚೆಗಿರುವ ನಮ್ಮ ಗೈರುಹಾಜರಿಯನ್ನು ಯಾವ ಬಾಯಿಂದ ಬಹಿಷ್ಕಾರ ಎಂದು ಕರೆಯೋಣ?

ಇನ್ನೊಂದು ಸಂಗತಿ. ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಮುಂದಿನ ಐದು ವರ್ಷ ಚುನಾವಣೆಯೇ ಆಗಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆ ಐದಾಗಿ ಹಂಚಿಹೋಯಿತು. ಆ ಐದು ವರ್ಷದಲ್ಲಿ ರಾಜಾಜಿನಗರದಿಂದ ಕೆಂಗೇರಿಯವರೆಗೆ ನಾನು ಹೋದ ಮದುವೆ, ನಾಮಕರಣ, ಕುಂಕುಮದ ಕರೆಗಳಲ್ಲಿ ಕಸದ ಗಾಡಿಯ ಬಗ್ಗೆ, ಕಾವೇರಿ ನೀರಿನ ಬಗ್ಗೆ ದೂರು ಕೇಳಿದ್ದೇನೆ. 'ನಮ್ಮ ವಾರ್ಡಿಗೆ ಸದಸ್ಯರೇ ಇಲ್ಲವಲ್ಲ' ಎಂದು ಯಾರೂ ಕೇಳಿದ್ದನ್ನು ನಾನು ಕಾಣೆ. ಪೋಡಿನ ಹೆಂಗಸರು ಒಂದು ಕುರ್ಚಿಯ ಬೆಲೆಯನ್ನು ತಮ್ಮ ಕೂಲಿಯಲ್ಲಿ ಅಳೆದು ಕೊಟ್ಟವರು. ಆದ್ದರಿಂದಲೇ ಅದು ಖಾಲಿಯಾದರೆ ಅವರಿಗೆ ಗೊತ್ತಾಗುತ್ತದೆ.

ಹಾಗಾದರೆ ಆ ಹುಡುಗಿಗೆ ನಾನೇನು ಹೇಳಬೇಕಾಗಿತ್ತು? ನಿಲ್ಲು ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನಿನ್ನನ್ನು ನಿಲ್ಲು ಎನ್ನುತ್ತಿರುವವರನ್ನೆಲ್ಲ ಕೂರಿಸಿಕೊಂಡು ನಿಮ್ಮಜ್ಜಿಯ ಪ್ರಶ್ನೆಯನ್ನೇ ಕೇಳು ಎಂದೆ. ಸಭೆಯ ದಿನ ಯಾರು ಜೊತೆಗೆ ಬರುತ್ತಾರೆ? ತಮ್ಮನ ಫೀಸಿನ ತಿಂಗಳು ಯಾರು ಕೈಹಿಡಿಯುತ್ತಾರೆ? ಸೋತರೆ ಯಾರ ಮನೆಯಲ್ಲಿ ಊಟ? ಇವಕ್ಕೆ ಹೆಸರು ಹಿಡಿದು ಉತ್ತರ ಬಂದರೆ ಮಾತ್ರ ಅದು ನಿಜವಾದ ಕರೆ, ಇಲ್ಲದಿದ್ದರೆ ಬರಿಯ ಉಪಚಾರ. ಆ ಹೆಸರುಗಳಲ್ಲಿ ನನ್ನದನ್ನೂ ಬರೆದುಕೋ, ತಮ್ಮನ ಒಂದು ವರ್ಷದ ಫೀಸು ನನ್ನ ಲೆಕ್ಕಕ್ಕೆ ಎಂದೆ. ಇದನ್ನು ದೊಡ್ಡತನಕ್ಕೆ ಹೇಳುತ್ತಿಲ್ಲ. 'ನಿಲ್ಲು' ಎನ್ನುವ ಆಸೆ ನನ್ನ ಬಾಯಲ್ಲೂ ಇದ್ದುದರಿಂದ ಅದರ ಬೆಲೆಯ ಒಂದು ಪಾಲು ನನಗೂ ಸೇರಬೇಕು, ಅಷ್ಟೆ.

ಹುಡುಗಿ ಇನ್ನೂ ತೀರ್ಮಾನ ಮಾಡಿಲ್ಲ. ಅದು ಅವಳಿಗೆ ಬಿಟ್ಟದ್ದು. ನಮಗೆ ಬಿಟ್ಟದ್ದು ಬೇರೆ. ನಮ್ಮ ಬೀದಿಯ ಯಾರೋ ಒಬ್ಬಳು ನಾಳೆ ವಾರ್ಡಿಗೆ ನಿಲ್ಲುತ್ತೇನೆ ಎಂದಾಗ, ಅಥವಾ ನಾವೇ ಯಾರನ್ನೋ ಹುರಿದುಂಬಿಸುವಾಗ, ಓಟು ಹಾಕುವ ಮಾತನ್ನು ಆಮೇಲೆ ಆಡೋಣ. ಗೆದ್ದ ಮೇಲೆ ತಿಂಗಳಿನ ಯಾವ ದಿನ ನಾನು ನಿನ್ನ ಜೊತೆ ಬಂದು ಜಗಲಿಯ ಮೇಲೆ ಕೂರಬಲ್ಲೆ ಎಂಬುದನ್ನು ಮೊದಲು ಹೇಳೋಣ.