ಅರ್ಧ ಶಟ್‌ಡೌನ್

ನನ್ನ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸೂ ಇದೆ, ಉಬುಂಟುವೂ ಇದೆ. ಒಂದೇ ಡಿಸ್ಕು, ಎರಡು ಪಾಲು. ಫೋಟೋ, ದಾಖಲೆ ಎಲ್ಲಾ ಇರೋದು ವಿಂಡೋಸಿನ ಪಾಲಿನಲ್ಲಿ. ಬೇಕಾಗೋದು ಮಾತ್ರ ಇಬ್ಬರಿಗೂ. ಹೋದ ತಿಂಗಳು ಅಣ್ಣ ವಾಟ್ಸಾಪಿನಲ್ಲಿ ಕಳಿಸಿದ ಪಹಣಿಯನ್ನು ಉಬುಂಟುವಿನಿಂದ ಅಲ್ಲಿಗೆ ಹಾಕೋಕೆ ಹೋದರೆ, ಆಗಲ್ಲ ಅಂತು. ಓದಬಹುದು, ಬರೆಯೋ ಹಾಗಿಲ್ಲ.

ಗೊತ್ತಿರೋ ಕಾಯಿಲೆಯೇ. ವಿಂಡೋಸ್ 8ರಿಂದ ಈಚೆಗೆ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ಶಟ್‌ಡೌನ್ ಒತ್ತಿದಾಗ ನಮ್ಮ ಕಿಟಕಿಗಳೆಲ್ಲ ಮುಚ್ಚುತ್ತವೆ, ಆದರೆ ಕರ್ನೆಲ್ ತನ್ನ ಸ್ಥಿತಿಯನ್ನು ಒಂದು ಫೈಲಿನಲ್ಲಿ ಬರೆದಿಟ್ಟು ಮಲಗುತ್ತೆ. ನಾಳೆ ಬೇಗ ಏಳಬೇಕಲ್ಲ! ಡಿಸ್ಕಿನ ಮೇಲಿನ ಹಿಡಿತ ಮಾತ್ರ ಬಿಟ್ಟಿರಲ್ಲ. ಆ ಹೊತ್ತಿನಲ್ಲಿ ಲಿನಕ್ಸ್ ಏನಾದರೂ ಬರೆದರೆ, ಎದ್ದ ವಿಂಡೋಸಿನ ನೆನಪಿಗೂ ಡಿಸ್ಕಿನಲ್ಲಿರೋದಕ್ಕೂ ತಾಳೆಯಾಗದೆ ಫೈಲುಗಳು ಹಾಳಾಗಬಹುದು. ಅದಕ್ಕೇ ಅದು ಕೈಕಟ್ಟಿ ಕೂರುತ್ತೆ.

ಆ ಪಹಣಿಯಲ್ಲಿ ನಮ್ಮಿಬ್ಬರ ಹೆಸರೂ ಇದೆ. ಅಪ್ಪ ಹೋದ ಮೇಲೆ ಜಂಟಿ ಖಾತೆ. ಅಣ್ಣ ಬೋರ್‌ವೆಲ್ಲಿಗೆ ಸಾಲ ತೆಗೀಬೇಕು, ಬ್ಯಾಂಕಿನವರು ನನ್ನ ಸಹಿ ಕೇಳ್ತಾರೆ. ಎರಡು ವರ್ಷದಿಂದ "ಬರ್ತೀನಿ, ಬರ್ತೀನಿ" ಅಂತಲೇ ಇದ್ದೀನಿ.

ನಾನೇನು ಕೆಟ್ಟವನಾ? ಪಾಲು ಮಾರಿಲ್ಲ, ಬೆಳೆಯ ಲೆಕ್ಕ ಕೇಳಿಲ್ಲ. ಅದನ್ನೇ ನನ್ನ ದೊಡ್ಡತನ ಅಂದುಕೊಂಡಿದ್ದೆ. ಆದರೆ ಪಾಲನ್ನ ಹಾಗೇ ಇಟ್ಟುಕೊಂಡಿರೋದು ಯಾಕೆ? ಇಲ್ಲಿ ಕೆಲಸ ಹೋದ್ರೆ ಅಲ್ಲಿ ಬೇಗ ಏಳೋಕೆ. ಆ ಭದ್ರತೆಗೆ ಬಾಡಿಗೆ ಕಟ್ಟುತ್ತಿರೋನು ಅಣ್ಣ, ಒಣಗಿದ ತೋಟದಲ್ಲಿ. ಭದ್ರತೆ ಬಯಸೋದು ತಪ್ಪು ಅಂತ ಈಗಲೂ ನನಗೆ ಅನ್ನಿಸಲ್ಲ. ಪಾಲು ಬಿಟ್ಟುಕೊಡು ಅಂತ ಅವನೂ ಕೇಳಿಲ್ಲ. ಕೇಳಿದ್ದು ಒಂದು ಸಹಿ.

ಲಿನಕ್ಸಿಗೆ ಬೇರೆ ದಾರಿಯೂ ಇದೆ: ವಿಂಡೋಸ್ ಬರೆದಿಟ್ಟ ಫೈಲನ್ನು ಅಳಿಸಿ ನುಗ್ಗೋದು. ಊರಲ್ಲೂ ಇದೆ, ತಮ್ಮನ ಸಹಿಯನ್ನ ತಾವೇ ಗೀಚೋರು ಇದ್ದಾರೆ. ಅಣ್ಣ ಗೀಚಿಲ್ಲ. ಅವನ ಆ ಮರ್ಯಾದೆಯ ಮೇಲೇ ನಾನು ಎರಡು ವರ್ಷ ಆರಾಮಾಗಿ ಮಲಗಿದ್ದು.

ಫಾಸ್ಟ್ ಸ್ಟಾರ್ಟಪ್ ಆಫ್ ಮಾಡೋಕೆ ಎರಡು ನಿಮಿಷ ಸಾಕಾಯ್ತು. ಈಗ ವಿಂಡೋಸ್ ಏಳೋದು ಸ್ವಲ್ಪ ನಿಧಾನ. ಅಣ್ಣನಿಗೆ ಫೋನ್ ಮಾಡಿ, ಶುಕ್ರವಾರ ರಾತ್ರಿ ಬಸ್ಸಿಗೆ ಹೊರಡ್ತೀನಿ ಅಂದೆ.

"ಎರಡನೇ ಶನಿವಾರ ಕಣೋ, ಬ್ಯಾಂಕ್ ಇರಲ್ಲ," ಅಂದ. "ಗುರುವಾರವೇ ಹೊರಡು."

ರಜೆ ಹಾಕಿದ್ದೀನಿ. ಮ್ಯಾನೇಜರ್ ಇನ್ನೂ ಒಪ್ಪಿಲ್ಲ.