ಇಂದಿನ ಧಮ್ಮ ಚಿಂತನೆ: ಮೊದಲು ಹೊದಿಕೆ, ಆಮೇಲೆ ಬೋಧನೆ



ಧಮ್ಮ ಬಂಧುಗಳೇ, ಇವತ್ತಿನ ಮಾತನ್ನು ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ಮೂರು ತಿಂಗಳ ಹಿಂದೆ ಹುಣ್ಣಿಮೆಯ ವಂದನೆ ಮುಗಿದ ಮೇಲೆ ನಮ್ಮ ಬಳಗದ ಒಬ್ಬ ಹುಡುಗಿ ಎರಡು ತಿಂಗಳ ಮಗುವನ್ನು ಹೆಗಲಿಗೆ ಹಾಕಿಕೊಂಡು ನನ್ನ ಪಕ್ಕ ಬಂದು ಕೂತಳು. ಜಾತಿ ಮೀರಿ ಮದುವೆಯಾದವಳು, ತವರಿನ ಬಾಗಿಲು ಮುಚ್ಚಿದೆ. ಗಂಡನಿಗೆ ರಾತ್ರಿ ಪಾಳಿ. "ಅಕ್ಕಾ, ಇದು ಅತ್ತರೆ ನನಗೆ ಏನೂ ಅನ್ನಿಸೋದೇ ಇಲ್ಲ. ನಾನು ಕೆಟ್ಟ ತಾಯಿ ಇರಬೇಕು" ಅಂದಳು. ನಾನು ದೊಡ್ಡ ಜ್ಞಾನಿಯ ಹಾಗೆ, ಆನಾಪಾನ ಮಾಡು, ಮನಸ್ಸು ಗಟ್ಟಿ ಮಾಡಿಕೋ, ನಮಗೆ ನಾವೇ ಬೆಳಕಾಗಬೇಕಲ್ಲವೇ ಎಂದೆ. ಅವಳು ತಲೆಯಾಡಿಸಿ ಎದ್ದು ಹೋದಳು. ಮುಂದಿನ ಎರಡು ಹುಣ್ಣಿಮೆಗೆ ಬರಲೇ ಇಲ್ಲ. (ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.)

ಆಮೇಲೆ ಪಟಾಚಾರೆಯ ಕಥೆಯನ್ನು ಮತ್ತೆ ಓದಿದೆ. ನಾವು ಅದನ್ನು ಯಾವಾಗಲೂ ಅನಿತ್ಯದ ಪಾಠವಾಗಿ ಹೇಳುತ್ತೇವೆ: ಒಂದೇ ದಿನದಲ್ಲಿ ಗಂಡ, ಇಬ್ಬರು ಮಕ್ಕಳು, ತಂದೆತಾಯಿ ಎಲ್ಲರನ್ನೂ ಕಳೆದುಕೊಂಡವಳು. ಆದರೆ ಸಾವುಗಳಿಗಿಂತ ಮುಂಚೆ ಅದು ತವರಿಲ್ಲದ ಬಸುರಿಯ ಕಥೆ. ಶ್ರಾವಸ್ತಿಯ ಸಾಹುಕಾರನ ಮಗಳು, ಮನೆಯ ಆಳನ್ನು ಪ್ರೀತಿಸಿ ಊರು ಬಿಟ್ಟಳು. ಬಸುರಿಯಾದಾಗ ಅಮ್ಮನ ಮನೆಗೆ ಹೋಗೋಣ ಅಂದಳು. ಗಂಡ ಹೆದರಿ ಇವತ್ತು ನಾಳೆ ಎಂದು ದಿನ ದೂಡಿದ. ತಾನೇ ಹೊರಟಳು, ದಾರಿಯಲ್ಲೇ ಹೆರಿಗೆಯಾಯಿತು. ಎರಡನೆಯ ಸಲವೂ ದಾರಿಯಲ್ಲೇ, ಸುರಿಯುವ ಮಳೆಯಲ್ಲಿ. ನೆರಳಿಗೆಂದು ಸೊಪ್ಪುಸದೆ ಕಡಿಯಲು ಹೋದ ಗಂಡ ಹಾವು ಕಚ್ಚಿ ಸತ್ತ.

ಕೊನೆಗೆ ಬುದ್ಧಿ ಕಲಕಿ, ಮೈಮೇಲೆ ಬಟ್ಟೆಯ ಅರಿವೂ ಇಲ್ಲದೆ ಬಂದವಳನ್ನು ಜನ ಹುಚ್ಚಿ ಎಂದು ಅಟ್ಟಿದರು. ಭಗವಾನರು ತಡೆಯಬೇಡಿ ಎಂದರು. ತಂಗಿ ಎಂದು ಕರೆದರು. ಯಾರೋ ಒಬ್ಬ ತನ್ನ ಮೇಲುಹೊದಿಕೆಯನ್ನು ಅವಳತ್ತ ಎಸೆದ. ಬೋಧನೆ ಬಂದಿದ್ದು ಅದಾದ ಮೇಲೆ. ಈ ಕ್ರಮವನ್ನು ನಾನು ಇಷ್ಟು ವರ್ಷ ಗಮನಿಸಿರಲೇ ಇಲ್ಲ. ನಮಗೆ ನಾವೇ ಬೆಳಕಾಗಬೇಕೆಂಬ ಮಾತನ್ನು ಭಗವಾನರು ಹೇಳಿದ್ದು, ತಮ್ಮನ್ನೇ ನೆಚ್ಚಿಕೊಂಡಿದ್ದ ಆನಂದನಿಗೆ, ತಮ್ಮ ಕೊನೆಗಾಲದಲ್ಲಿ. ನಾನು ಅದನ್ನು ಹೇಳಿದ್ದು ನಾಲ್ಕು ರಾತ್ರಿ ನಿದ್ದೆ ಕಾಣದ ಬಾಣಂತಿಗೆ.

ಮಾತೆ ರಮಾಬಾಯಿಯವರ ವಿಷಯದಲ್ಲೂ ನಾವು ಹೀಗೇ ಮಾಡುತ್ತಿದ್ದೇವೆಯೇ? ಹೆತ್ತ ಐವರಲ್ಲಿ ನಾಲ್ವರನ್ನು ಮಣ್ಣಿಗೆ ಕೊಟ್ಟರು. ಕೊನೆಯ ಕೂಸು ರಾಜರತ್ನ ಹೋದದ್ದು 1926ರಲ್ಲಿ. ಜಯಂತಿಯ ದಿನ ಅವರನ್ನು ತ್ಯಾಗಮಯಿ ಎನ್ನುತ್ತೇವೆ, ಸರಿ. ಆದರೆ "ರಮಾಯಿ ಎಷ್ಟು ಸಹಿಸಿದರು, ನಿನ್ನದೇನು" ಎಂದು ಸೊಸೆಗೆ ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಬಾಬಾಸಾಹೇಬರು ಹಾಗೆ ನೋಡಲಿಲ್ಲ. ಪಾಕಿಸ್ತಾನದ ಕುರಿತ ತಮ್ಮ ಗ್ರಂಥವನ್ನು ರಮಾಬಾಯಿಯವರ ನೆನಪಿಗೆ ಅರ್ಪಿಸುವಾಗ, ಬಡತನದ ಜೊತೆಗೆ ಗೆಳೆಯರೇ ಇಲ್ಲದಿದ್ದ ಆ ದಿನಗಳನ್ನೂ ನೆನೆದರು. 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ, ತಾಯಿಗೆ ಹೆರಿಗೆಯ ಮುಂಚೆಯೂ ನಂತರವೂ ವಿಶ್ರಾಂತಿ ಸಿಗುವುದು ದೇಶದ ಹಿತ, ಅದರ ಹೊರೆಯನ್ನು ಬಹುಪಾಲು ಸರ್ಕಾರ ಹೊರಬೇಕು ಎಂದು ವಾದಿಸಿದರು. ಗಿರಣಿಯ ಹೆಣ್ಣುಮಕ್ಕಳಿಗೆ ಗಟ್ಟಿಯಾಗಿರಿ ಎಂದು ಹೇಳಿ ಕೂರಲಿಲ್ಲ.

ಇನ್ನೊಂದು ಮಾತು, ಕೆಲವರಿಗೆ ಕಹಿಯಾಗಬಹುದು. ನಾವು ಸೂತಕ ಬಿಟ್ಟೆವು, ಪುರುಡು ಬಿಟ್ಟೆವು, ಸೀಮಂತವನ್ನೂ ಬಿಟ್ಟೆವು. ಬಿಡಬೇಕಾದ್ದೇ. ಹೆತ್ತವಳನ್ನು ಮೈಲಿಗೆ ಎನ್ನುವ ಆಚರಣೆ ನಮಗೆ ಯಾಕೆ? ಆದರೆ ಆ ನೆಪದಲ್ಲಿ ಬಾಗಿಲಿಗೆ ಬರುತ್ತಿದ್ದ ಹೆಂಗಸರೂ ನಿಂತುಹೋದರು. ಬಿಸಿನೀರು ಹಂಡೆ ಕಾಯಿಸುವವಳು, ಬೆಳ್ಳುಳ್ಳಿ ಸಾರು ತರುವವಳು, "ನೀನು ಮಲಗು, ಕೂಸನ್ನು ನಾನು ನೋಡ್ಕೋತೀನಿ" ಅನ್ನುವವಳು. ಹಳೆಯದನ್ನು ಚಂದ ಮಾಡಿ ಹೇಳುತ್ತಿಲ್ಲ; ನಮ್ಮ ಕೇರಿಯ ಕೂಲಿ ಹೆಣ್ಣುಮಕ್ಕಳಿಗೆ ಮೂರು ತಿಂಗಳ ಬಾಣಂತನ ಯಾವತ್ತಿಗೂ ಇರಲಿಲ್ಲ, ಹಸಿ ಮೈಯಲ್ಲೇ ಕಳೆ ಕೀಳಲು ಹೋದವರು ಅವರು. ಆದರೂ ಪಕ್ಕದ ಗುಡಿಸಲಲ್ಲಿ ಒಂದು ಅಜ್ಜಿ ಇರುತ್ತಿತ್ತು. ಈಗ ನಗರದ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಯಾರಿದ್ದಾರೆ? ನಾಮಕರಣಕ್ಕೆ ಪರಿತ್ರಾಣ ಪಾಠ ಓದಿ, ಊಟ ಮಾಡಿ, ಫೋಟೋ ತೆಗೆದು ಬಂದೆವು. ಮರುದಿನ ಆ ಮನೆಗೆ ಹೋದವರೆಷ್ಟು ಮಂದಿ?

ಇದು ಸೋಮಾರಿತನವಲ್ಲ, ಗಾಳಿ ಸೋಕಿದ್ದೂ ಅಲ್ಲ. ಭಾರತದ ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾದ ವರದಿಯ ಪ್ರಕಾರ ಹೆತ್ತ ತಾಯಂದಿರಲ್ಲಿ ಸುಮಾರು ಶೇ. 22 ಮಂದಿಗೆ ಖಿನ್ನತೆ. ಮೊದಲ ವಾರದ ಅಳು, ಮಂಕು ಹೆಚ್ಚಿನವರಿಗೆ ತಾನಾಗಿ ಹೋಗುತ್ತದೆ. ಎರಡು ವಾರ ದಾಟಿಯೂ ಉಳಿದರೆ, ಮಗುವಿನ ಮೇಲೆ ಮನಸ್ಸೇ ಬಾರದಿದ್ದರೆ ವೈದ್ಯರ ಬಳಿ ಕರೆದೊಯ್ಯಬೇಕು. ಸಾಯುವ ಮಾತು ಬಂದರೆ ಎರಡು ವಾರ ಕಾಯಬೇಡಿ, ಆ ದಿನವೇ ಹೋಗಿ, ಅವಳನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವೇ ಇದೆ. ಹೊಸ ಅಪ್ಪಂದಿರಿಗೂ ಇದು ಬರುತ್ತದೆ, ಅವರು ಬಾಯಿ ಬಿಡುವುದಿಲ್ಲ ಅಷ್ಟೆ.

ಎರಡನೇ ಹುಣ್ಣಿಮೆಗೂ ಅವಳು ಬಾರದಿದ್ದಾಗ ನಾವು ಮೂವರು ಅವಳ ಮನೆಗೆ ಹೋದೆವು. ಧ್ಯಾನದ ಮಾತೆತ್ತಲಿಲ್ಲ. ಒಬ್ಬರು ಪಾತ್ರೆ ತೊಳೆದರು, ಒಬ್ಬರು ಮಗುವಿಗೆ ನೀರು ಹಾಕಿದರು, ನಾನು ಸೊಪ್ಪಿನ ಸಾರು ಮಾಡಿದೆ. ಅವಳು ಮಧ್ಯಾಹ್ನ ಮಲಗಿದವಳು ಸಂಜೆ ಐದಕ್ಕೆ ಎದ್ದಳು. ನಾನು ಹುಣ್ಣಿಮೆಯ ದಿನ ಹೇಳಿದ್ದಕ್ಕೆ ಕ್ಷಮೆ ಕೇಳಿದೆ. ಅವಳೇನೂ ಅನ್ನಲಿಲ್ಲ, ಇನ್ನೊಂದು ತಟ್ಟೆ ತಂದು ನನಗೂ ಅನ್ನ ಬಡಿಸಿದಳು. ಈಗ ವಾರಕ್ಕೆ ಮೂರು ದಿನ ಪಾಳಿ ಹಾಕಿಕೊಂಡು ಹೋಗುತ್ತಿದ್ದೇವೆ, ಆಸ್ಪತ್ರೆಗೂ ಜೊತೆಗೆ ಹೋಗುತ್ತೇವೆ. ಔಷಧಿ ಇನ್ನೂ ನಡೆಯುತ್ತಿದೆ. ಮೊನ್ನೆ ಬೆಳಿಗ್ಗೆ ಆರು ಗಂಟೆಗೆ ಅವಳ ಫೋನ್ ಬಂತು, ನನಗೆ ಎದೆ ಝಲ್ಲೆಂದಿತು. "ಅಕ್ಕಾ, ಇದು ಬೋರಲು ಬಿತ್ತು!" ಅಂದಳು.

ಗುರುವಾರದ ಪಾಳಿಗೆ ಒಬ್ಬರು ಬೇಕು. ಬರುವವರು ತಿಳಿಸಿ.

ಜೈ ಭೀಮ್